ಸ್ಮೃತಿಯೂ ಭ್ರಾಂತಿಯೂ
(ವಿಲ್ಕೋಮಿರ್ಸ್ಕಿಯ ‘ಚೂರುಗಳು’ ಎಂಬ ಗ್ರಂಥವನ್ನು ಕುರಿತ ವಿಚಾರ)

ಜರ್ಮನ್ ಭಾಷೆಯಲ್ಲಿ ೧೯೯೫ನೆಯ ಇಸವಿಯಲ್ಲಿ ‘ಬ್ರೂಖ್‌ಸ್ಟ್ಯುಕೆ’ ಎಂಬ ಸಣ್ಣದೊಂದು ಗ್ರಂಥವು ಪ್ರಕಟವಾಯಿತು. ಈ ಹೆಸರನ್ನು ಕನ್ನಡದಲ್ಲಿ ‘ಚೂರುಗಳು’ ಎನ್ನಬಹುದು. ಗ್ರಂಥಕರ್ತನು ಬಿನ್ಯಾಮಿನ್ ವಿಲ್ಕೋಮಿರ್ಸ್ಕಿ. ಸ್ವಿಟ್ಜರ್ಲೆಂಡಿನ ನಿವಾಸಿ, ವೃತ್ತಿಯಿಂದ ಸಂಗೀತಗಾರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೆಹೂದ್ಯ ಕುಲದ ಶಿಶುವಾಗಿ ತಾನು ಕಂಡ ಘೋರಗಳೇ ಗ್ರಂಥದ ವಿಷಯ. ರೀಗಾ ನಗರದಲ್ಲಿ ತನ್ನ ತಂದೆಯೆಂದು ತೋರುವ ಮನುಷ್ಯನೊಬ್ಬನನ್ನು ಗೋಡೆಗೆ ಒತ್ತಿ ವಾಹನದಿಂದ ಅರೆದು ಕೊಂದುದು. ಪೋಲೆಂಡಿನ ಹೊಲಮನೆಯೊಂದರಲ್ಲಿ ಅಡಗಿದ್ದುದು. ಮೈದಾನೆಕ್ ಯಾತನಾಶಿಬಿರದಲ್ಲಿ, ಸಾಯುತ್ತ ಮಲಗಿದ್ದ ಹೆಂಗಸೊಬ್ಬಳು, ಪ್ರಾಯಶಃ ತನ್ನ ತಾಯಿಯೇ, ಒಣಗಿದ ರೊಟ್ಟಿಯ ತುಂಡೊಂದನ್ನು ಕೈಯಲ್ಲಿಟ್ಟುದು. ಕೊನೆಗೆ ಸ್ವಿಟ್ಜರ್ಲೆಂಡಿಗೆ ಬಂದು ಪರರ ಮನೆಯಲ್ಲಿ ಪರರ ಹೆಸರಿನಲ್ಲಿ ಬೆಳೆದುದು. ಇವೆಲ್ಲವೂ ಕಾಲಕ್ರಮವಿಲ್ಲದೆ, ಒಡೆದ ಕನ್ನಡಿಯ ತುಣುಕುಗಳಂತೆ, ಶಿಶುವಿನ ಕಣ್ಣಿಗೆ ಬಿದ್ದಷ್ಟೇ ಪ್ರಮಾಣದಲ್ಲಿ ವರ್ಣಿತವಾಗಿವೆ. ಬೆಳೆದವರ ತರ್ಕದಿಂದ ಇವನ್ನು ಪೋಣಿಸಿದರೆ ಸತ್ಯಕ್ಕೆ ಕುಂದುಂಟಾಗುವುದೆಂದು ಗ್ರಂಥಕರ್ತನು ಮೊದಲಲ್ಲಿಯೇ ತಿಳಿಸುತ್ತಾನೆ.

ಗ್ರಂಥಕ್ಕೆ ದೊರೆತ ಮನ್ನಣೆಯು ಅಲ್ಪವಲ್ಲ. ಮರುವರ್ಷವೇ ಅದು ಇಂಗ್ಲಿಷಿಗೆ ಅನುವಾದಿತವಾಯಿತು. ಅಮೆರಿಕ, ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಬಹುಮಾನಗಳನ್ನು ಪಡೆಯಿತು. ಮಹಾಯುದ್ಧದ ಸಾಕ್ಷಿಗ್ರಂಥಗಳಲ್ಲಿ ಅಗ್ರಪಂಕ್ತಿಗೆ ಸೇರಬೇಕಾದುದೆಂದು ಹೆಸರಾಂತ ವಿಮರ್ಶಕರು ಬರೆದರು. ಮೈದಾನೆಕ್ಕಿನಲ್ಲಿ ಮಗುವನ್ನು ಕಳೆದುಕೊಂಡಿದ್ದ ವೃದ್ಧನೊಬ್ಬನು ಗ್ರಂಥಕರ್ತನನ್ನು ತನ್ನ ಮಗನೆಂದೇ ಆಲಿಂಗಿಸಿಕೊಂಡನು.

೧೯೯೮ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ‘ವೆಲ್ಟ್‌ವೋಖೆ’ ಎಂಬ ವಾರಪತ್ರಿಕೆಯಲ್ಲಿ ಡಾನಿಯೆಲ್ ಗಾಂಟ್ಸ್‌ಫ್ರೀಡ್ ಎಂಬ ಲೇಖಕನು, ತಾನೂ ಯಾತನಾಶಿಬಿರದಿಂದ ಬದುಕಿ ಬಂದವರೊಬ್ಬರ ಮಗನಾದವನು, ಈ ಕಥೆಯೆಲ್ಲವೂ ಸುಳ್ಳೆಂದು ಘೋಷಿಸಿದನು. ಗ್ರಂಥಕರ್ತನು ೧೯೪೧ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಎಂಬ ಊರಿನಲ್ಲಿಯೇ ಅವಿವಾಹಿತೆಯಾದ ಬಡ ಕಾರ್ಮಿಕಳೊಬ್ಬಳ ಹೊಟ್ಟೆಯಲ್ಲಿ ಹುಟ್ಟಿದವನು; ಅವನ ಜನ್ಮನಾಮವು ಬ್ರೂನೋ ಗ್ರೋಜಾನ್; ೧೯೪೫ರಲ್ಲಿ ಜ್ಯೂರಿಕ್ಕಿನ ವೈದ್ಯದಂಪತಿಗಳಾದ ಡ್ಯೋಸೆಕ್ಕರರ ಮನೆಗೆ ಬಂದು ಮುಂದೆ ಅವರ ದತ್ತುಪುತ್ರನಾದವನು. ಅವನು ಮೈದಾನೆಕ್ಕನ್ನು ಕಂಡುದು ಪ್ರವಾಸಿಯಾಗಿ ಮಾತ್ರ. ಈ ಆರೋಪವನ್ನು ಪರಿಶೀಲಿಸಲು ಗ್ರಂಥದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಯೇ ಸ್ಟೆಫಾನ್ ಮೇಖ್ಲರ್ ಎಂಬ ಇತಿಹಾಸಜ್ಞರನ್ನು ನಿಯಮಿಸಿತು. ಅವರು ೧೯೯೯ರಲ್ಲಿ ಕೊಟ್ಟ ವರದಿಯು ಆರೋಪವನ್ನು ಸಂಪೂರ್ಣವಾಗಿ ಸಮರ್ಥಿಸಿತು. ಪ್ರಕಾಶಕರು ಗ್ರಂಥವನ್ನು ಹಿಂತೆಗೆದುಕೊಂಡರು. ಇಷ್ಟಾದರೂ ಗ್ರಂಥಕರ್ತನು ತನ್ನ ಮಾತನ್ನು ಬಿಡಲಿಲ್ಲ.

ಈ ಮನುಷ್ಯನನ್ನು ಏನೆಂದು ಕರೆಯಬೇಕು? ವಂಚಕನೆಂದು ಗಾಂಟ್ಸ್‌ಫ್ರೀಡನು ಹೇಳಿದನು. ಮೇಖ್ಲರರು ಹಾಗೆ ಹೇಳಲೊಪ್ಪಲಿಲ್ಲ. ಹಲವು ದಶಕಗಳ ಕಾಲ ಸ್ವಲ್ಪಸ್ವಲ್ಪವಾಗಿ ಈ ಕಥೆಯು ಅವನಲ್ಲಿ ಬೆಳೆದು, ಕೊನೆಗೆ ಅವನೇ ಅದರೊಳಗೆ ವಾಸಮಾಡತೊಡಗಿದನೆಂಬುದು ಅವರ ಅಭಿಪ್ರಾಯ. ಸಾಹಿತ್ಯವಿಮರ್ಶೆಗೆ ಈ ಭೇದವು ಮುಖ್ಯವಾದುದು. ಸುಳ್ಳುಗಾರನ ಗ್ರಂಥವನ್ನು ಕುರಿತು ವಿಮರ್ಶಕನಿಗೆ ಹೇಳಬೇಕಾದುದು ಹೆಚ್ಚಿಲ್ಲ. ಅದು ನ್ಯಾಯಾಧೀಶನ ಕೆಲಸ. ಆದರೆ ತಾನು ಅನುಭವಿಸದುದನ್ನು ಅನುಭವಿಸಿದೆನೆಂದೇ ನೆನೆದು, ಕಣ್ಣೀರಿಟ್ಟು ಬರೆದವನ ಗ್ರಂಥವಾದರೆ, ಆತ್ಮಕಥೆಯೆಂಬ ಸಾಹಿತ್ಯಜಾತಿಯ ಬುಡವೇ ಅಲುಗಾಡುತ್ತದೆ.

ಅಂಥ ಸ್ಮರಣೆಯು ಸಂಭವವೇ ಎಂಬುದನ್ನು ಮೊದಲು ನೋಡಬೇಕು. ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗೆ ಸ್ಮೃತಿಯು ಎರಡು ಬಗೆಯೆಂದು ಗೊತ್ತಿರುತ್ತದೆ: ಯಥಾರ್ಥವಾದ ಅನುಭವದಿಂದ ಹುಟ್ಟಿದುದು ಯಥಾರ್ಥಸ್ಮೃತಿ, ಅಯಥಾರ್ಥವಾದ ಅನುಭವದಿಂದ ಹುಟ್ಟಿದುದು ಅಯಥಾರ್ಥಸ್ಮೃತಿ. ಹಗ್ಗವನ್ನು ಹಾವೆಂದು ಕಂಡವನು ಮುಂದೆ ಹಾವನ್ನೇ ನೆನೆಯುತ್ತಾನೆ. ದೋಷವು ಕಂಡ ಹೊತ್ತಿನದು, ನೆನೆದ ಹೊತ್ತಿನದಲ್ಲ. ಅನುಭವವು ಬಿಟ್ಟುಹೋದ ಸಂಸ್ಕಾರವು ಭಂಡಾರದಲ್ಲಿಟ್ಟ ಒಡವೆಯಂತೆ ಇದ್ದಂತೆಯೇ ಇರುತ್ತದೆ, ಮಾಸಬಹುದು, ಬೇರೆಯಾಗದು ಎಂಬುದು ಇಲ್ಲಿಯ ಅಂತರ್ಗತವಾದ ನಂಬಿಕೆ. ನೈಯಾಯಿಕರ ವಿಭಾಗವು ಅಚ್ಚುಕಟ್ಟಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಗ್ಗವನ್ನು ಹಗ್ಗವೆಂದೇ ಕಂಡವನು ಮುಂದೆ ಹಾವನ್ನು ನೆನೆಯುವುದುಂಟೆ, ಏನನ್ನೂ ಕಾಣದವನು ಹಾವನ್ನು ನೆನೆಯುವುದುಂಟೆ ಎಂಬ ಪ್ರಶ್ನೆಗೆ ಅದರಲ್ಲಿ ಸ್ಥಳವಿಲ್ಲ. ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರ ಶೋಧನೆಗಳು ಈ ಪ್ರಶ್ನೆಗಳಿಗೆ ಉಂಟೆಂದೇ ಉತ್ತರ ಕೊಡುತ್ತವೆ.

ಕೇಂಬ್ರಿಜ್ಜಿನ ಬಾರ್ಟ್ಲೆಟ್ ಪಂಡಿತರು ಸ್ಮರಣೆಯನ್ನು ಕುರಿತು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥವು ಈ ದಾರಿಯಲ್ಲಿ ಮೊದಲ ದೊಡ್ಡ ಹೆಜ್ಜೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಅವರು ಇಂಗ್ಲಿಷ್ ವಿದ್ಯಾವಂತರಿಗೆ ಓದಿಸಿ, ಸ್ವಲ್ಪ ಹೊತ್ತಿನ ಮೇಲೆ, ಕೆಲವು ದಿನಗಳ ಮೇಲೆ, ಕೆಲವು ತಿಂಗಳುಗಳ ಮೇಲೆ ಅದನ್ನೇ ಬರೆಯಹೇಳಿದರು. ದೆವ್ವಗಳು ಬಂದು ಯುದ್ಧಕ್ಕೆ ಕರೆಯುವ, ಕಾರ್ಯಕಾರಣಗಳು ಅನ್ಯದೇಶೀಯರಿಗೆ ಹೊಂದದ ಕಥೆ ಅದು. ಬರೆದವರ ಕೈಯಲ್ಲಿ ಕಥೆಯು ಗಿಡ್ಡವಾದುದು ಸಹಜವೇ. ಆದರೆ ಅದು ಬೇರೆಯೂ ಆಯಿತು. ಕಡಲಪ್ರಾಣಿಯ ಬೇಟೆಯು ಮೀನುಗಾರಿಕೆಯಾಯಿತು; ಮೂಲನಿವಾಸಿಗಳ ತೋಡುದೋಣಿಯು ಸಾಮಾನ್ಯವಾದ ದೋಣಿಯಾಯಿತು; ದೆವ್ವಗಳು ಮಾಯವಾದವು, ಇಲ್ಲವೆ ಏನೋ ಒಂದು ಅರ್ಥವನ್ನು ಕಟ್ಟಿಕೊಂಡು ಉಳಿದವು. ಹೀಗೆ ತಿದ್ದಿದೆವೆಂಬ ಅರಿವು ಬರೆದವರಿಗೆ ಇರಲಿಲ್ಲ. ಓದಿದುದನ್ನೇ ಬರೆದೆವೆಂದು ಅವರು ತಿಳಿದಿದ್ದರು. ಸ್ಮರಣೆಯೆಂದರೆ ಇಟ್ಟುದನ್ನು ತೆಗೆಯುವುದಲ್ಲ, ಉಳಿದ ಅವಶೇಷಗಳಿಂದ ಪ್ರತಿಸಲವೂ ಹೊಸದಾಗಿ ಕಟ್ಟುವುದು. ಕಟ್ಟುವವನ ಸಂಸ್ಕೃತಿಯೂ ಅಭ್ಯಾಸವೂ ಆ ಕಟ್ಟಡಕ್ಕೆ ಗಾರೆಯಾಗುತ್ತವೆ. ಬಾರ್ಟ್ಲೆಟ್ಟರ ಸಿದ್ಧಾಂತದ ಸಾರವು ಇದು. ಪುರಾಣಕಥೆಗಳು ಬಾಯಿಂದ ಬಾಯಿಗೆ ಹೋಗುವಾಗ ಪಡೆಯುವ ರೂಪಾಂತರಗಳನ್ನು ಬಲ್ಲ ಸಾಹಿತ್ಯವಿದ್ಯಾರ್ಥಿಗೆ ಇದರಲ್ಲಿ ಆಶ್ಚರ್ಯಪಡುವಂಥದು ಬಹಳವಿಲ್ಲ. ಆಶ್ಚರ್ಯವೆಂದರೆ ನೂರು ಬಾಯಿಗಳಲ್ಲಿ ನಡೆಯುವ ಈ ವ್ಯಾಪಾರವು ಒಬ್ಬನೇ ಮನುಷ್ಯನ ತಲೆಯೊಳಗೂ ನಡೆಯುವುದೆಂಬುದು.

ಶಿಶುಮನಸ್ಸಿನ ಶಾಸ್ತ್ರದಲ್ಲಿ ಪ್ರಖ್ಯಾತರಾದ ಪಿಯಾಜೆಯವರು, ಇವರೂ ಸ್ವಿಟ್ಜರ್ಲೆಂಡಿನವರೇ, ತಮ್ಮ ಬಾಲ್ಯದ ಒಂದು ಸಂಗತಿಯನ್ನು ಬರೆದಿಟ್ಟಿದ್ದಾರೆ. ಎರಡನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನ ರಾಜಬೀದಿಯಲ್ಲಿ ದಾದಿಯು ಅವರನ್ನು ತಳ್ಳುಗಾಡಿಯಲ್ಲಿ ಕೊಂಡೊಯ್ಯುತ್ತಿದ್ದಾಗ ಯಾವನೋ ಅಪಹರಿಸಲು ಬಂದನು. ದಾದಿಯು ಅಡ್ಡನಿಂತಳು, ಅವಳ ಮುಖಕ್ಕೆ ಗಾಯಗಳಾದವು, ಪೋಲೀಸಿನವನು ಬಂದನು, ಕಳ್ಳನು ಓಡಿದನು. ಆ ಗಾಯಗಳೂ ಪೋಲೀಸಿನವನ ಗಿಡ್ಡ ನಿಲುವಂಗಿಯೂ ಬಿಳಿಯ ಕೋಲೂ ಅವರ ನೆನಪಿನಲ್ಲಿ ಸ್ಪಷ್ಟವಾಗಿದ್ದವು. ಅವರಿಗೆ ಸುಮಾರು ೧೫ ವರ್ಷವಾದಾಗ ದಾದಿಯಿಂದ ಕಾಗದವೊಂದು ಬಂದಿತು. ಆ ಕಥೆಯನ್ನು ತಾನು ಕಟ್ಟಿದೆನೆಂದೂ ಮುಖವನ್ನು ತಾನೇ ಪರಚಿಕೊಂಡೆನೆಂದೂ ಒಪ್ಪಿಕೊಂಡು, ಬಹುಮಾನವಾಗಿ ಪಡೆದಿದ್ದ ಗಡಿಯಾರವನ್ನು ಅವಳು ಹಿಂದಿರುಗಿಸಿದಳು. ಹಿರಿಯರು ಹೇಳುತ್ತಿದ್ದುದನ್ನು ಕೇಳಿದ ಶಿಶುವು ಅದನ್ನು ಚಿತ್ರವಾಗಿ ಮಾಡಿಕೊಂಡು, ಮುಂದೆ ಆ ಚಿತ್ರವನ್ನೇ ಕಂಡ ನೆನಪೆಂದು ತಿಳಿದಿತ್ತು. ಮಕ್ಕಳ ತೊಟ್ಟಿಲಕಥೆಗಳನ್ನು ಹೇಳಿ ನಗುವ ಅಜ್ಜಿಯರಿರುವ ಯಾವ ಮನೆಯಲ್ಲಿ ಇಂಥ ನೆನಪು ಒಂದೆರಡಾದರೂ ಇಲ್ಲ!

ಒಬ್ಬರ ಅನುಭವವು ಶಾಸ್ತ್ರವಾಗಲಾರದು. ಶಾಸ್ತ್ರಕ್ಕೆ ಪ್ರಯೋಗ ಬೇಕು. ಅಮೆರಿಕದ ಎಲಿಜಬೆತ್ ಲಾಫ್ಟಸ್ ಎಂಬ ವಿದುಷಿಯು ಈ ಪ್ರಯೋಗಗಳಿಗೆ ಹೆಸರಾದವರು. ೧೯೭೪ರಲ್ಲಿ ಅವರೂ ಪಾಮರ್ ಎಂಬವರೂ ವಿದ್ಯಾರ್ಥಿಗಳಿಗೆ ಮೋಟಾರುಗಾಡಿಗಳ ಡಿಕ್ಕಿಯ ಚಲಚ್ಚಿತ್ರವನ್ನು ತೋರಿಸಿ, ಗಾಡಿಗಳ ವೇಗವೆಷ್ಟೆಂದು ಕೇಳಿದರು. ಕೆಲವರನ್ನು ಗಾಡಿಗಳು ‘ಅಪ್ಪಳಿಸಿದಾಗ’ ಎಂದೂ ಕೆಲವರನ್ನು ‘ಹೊಡೆದಾಗ’ ಎಂದೂ ಕೇಳಿದರು. ಉಳಿದವರನ್ನು ವೇಗದ ವಿಚಾರವಾಗಿ ಕೇಳಲೇ ಇಲ್ಲ. ಒಂದು ವಾರದ ಮೇಲೆ, ಒಡೆದ ಗಾಜನ್ನು ಕಂಡಿರಾ ಎಂದು ಎಲ್ಲರಿಗೂ ಪ್ರಶ್ನೆ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ಅಪ್ಪಳಿಸಿದಾಗ’ ಎಂಬ ಮಾತನ್ನು ಕೇಳಿದ್ದ ೫೦ ಮಂದಿಯಲ್ಲಿ ೧೬ ಮಂದಿ ಕಂಡೆವೆಂದರು. ‘ಹೊಡೆದಾಗ’ ಎಂಬುದನ್ನು ಕೇಳಿದ್ದ ೫೦ ಮಂದಿಯಲ್ಲಿ ೭ ಮಂದಿ, ಏನನ್ನೂ ಕೇಳದಿದ್ದ ೫೦ ಮಂದಿಯಲ್ಲಿ ೬ ಮಂದಿ. ಒಂದು ಕ್ರಿಯಾಪದವು ಗಾಜನ್ನು ಒಡೆಯಿತು! ಶಬ್ದಶಕ್ತಿಯನ್ನು ಕುರಿತು ಆಲಂಕಾರಿಕರು ಎಷ್ಟು ಸೂಕ್ಷ್ಮವಾಗಿ ವಿಚಾರಮಾಡಿದ್ದರೂ ಇಂಥ ಉದಾಹರಣೆಯು ಅವರಿಗೆ ದೊರೆತಿರಲಿಲ್ಲ.

೧೯೯೫ರಲ್ಲಿ, ಎಂದರೆ ‘ಚೂರುಗಳು’ ಪ್ರಕಟವಾದ ವರ್ಷವೇ, ಲಾಫ್ಟಸ್ ಮತ್ತು ಪಿಕ್‌ರೆಲ್ ಎಂಬವರು ಮತ್ತೊಂದು ಪ್ರಯೋಗವನ್ನು ಪ್ರಕಟಿಸಿದರು. ೨೪ ಮಂದಿಗೆ ಅವರ ಬಾಲ್ಯದ ನಾಲ್ಕು ಸಂಗತಿಗಳನ್ನು ಬರೆದುಕೊಟ್ಟರು. ಮೂರು ಅವರ ಬಂಧುಗಳಿಂದ ತಿಳಿದ ನಿಜವಾದ ಸಂಗತಿಗಳು. ನಾಲ್ಕನೆಯದು, ಸುಮಾರು ಐದನೆಯ ವಯಸ್ಸಿನಲ್ಲಿ ದೊಡ್ಡ ಅಂಗಡಿಸಾಲಿನಲ್ಲಿ ದಾರಿತಪ್ಪಿ ಅತ್ತು, ಮುದುಕಿಯೊಬ್ಬಳ ಸಹಾಯದಿಂದ ಮನೆಯವರನ್ನು ಸೇರಿದ ಕಲ್ಪಿತವಾದ ಕಥೆ. ೭ ಮಂದಿ ಆ ಕಲ್ಪಿತವನ್ನು ಪೂರ್ತಿಯಾಗಿಯೋ ಭಾಗವಾಗಿಯೋ ನೆನೆದರು. ೨೦೨೩ರಲ್ಲಿ ಐರ್ಲೆಂಡಿನ ಪಂಡಿತರು ೧೨೩ ಮಂದಿಯ ಮೇಲೆ ಇದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅಂಥವರ ಪ್ರಮಾಣವು ಶೇಕಡ ೩೫ ಎಂದು ಕಂಡುಬಂದಿತು. ಇದಕ್ಕಿಂತಲೂ ಸರಳವಾದ ವಿಧಾನವು ರೋಡಿಗರ್ ಮತ್ತು ಮೆಕ್‌ಡರ್ಮಟ್ ಎಂಬವರದು. ಹಾಸಿಗೆ, ವಿಶ್ರಾಂತಿ, ಎಚ್ಚರ, ದಣಿವು, ಕನಸು, ಹೀಗೆ ಸಾಲಾಗಿ ಪದಗಳನ್ನು ಓದಿ ಹೇಳುವುದು. ‘ನಿದ್ರೆ’ ಎಂಬುದನ್ನು ಮಾತ್ರ ಓದದಿರುವುದು. ಕೇಳಿದವರಲ್ಲಿ ಬಹುಮಂದಿ ‘ನಿದ್ರೆ’ಯನ್ನು ಕೇಳಿದೆವೆಂದು ಖಂಡಿತವಾಗಿ ಹೇಳುವರು.

ಇವೆಲ್ಲಕ್ಕೂ ಕಾರಣವೇನು? ಅಮೆರಿಕದ ಮಾರ್ಷಿಯಾ ಜಾನ್ಸನ್ ಮತ್ತು ಅವರ ಸಂಗಡಿಗರು ೧೯೯೩ರಲ್ಲಿ ವಿಸ್ತರಿಸಿ ಹೇಳಿದ ಸಮಾಧಾನವು ಇದು: ಮನಸ್ಸಿನಲ್ಲಿ ಏಳುವ ಚಿತ್ರಗಳ ಮೇಲೆ ಅವು ಎಲ್ಲಿಂದ ಬಂದುವೆಂಬ ಮುದ್ರೆಯು ಅಚ್ಚಾಗಿರುವುದಿಲ್ಲ. ಕಂಡುದೊ, ಕೇಳಿದುದೊ, ಓದಿದುದೊ, ಕಲ್ಪಿಸಿದುದೊ ಎಂಬುದನ್ನು ಮನಸ್ಸು ಆ ಚಿತ್ರದ ಬಣ್ಣ, ವಿವರ, ಸಲೀಸು ಮುಂತಾದವುಗಳಿಂದ ಆಗಾಗಲೇ ಊಹಿಸಿಕೊಳ್ಳುತ್ತದೆ. ಊಹೆಯು ತಪ್ಪಿದರೆ ಕಲ್ಪನೆಯು ಸ್ಮೃತಿಯ ವೇಷವನ್ನು ಹಾಕಿಕೊಂಡು ಬರುತ್ತದೆ. ಮೀಮಾಂಸಾಶಾಸ್ತ್ರವನ್ನು ಬಲ್ಲವರಿಗೆ ಪ್ರಾಭಾಕರರ ಅಖ್ಯಾತಿವಾದವು ಇಲ್ಲಿ ನೆನಪಾಗದೆ ಇರದು. ಚಿಪ್ಪನ್ನು ಬೆಳ್ಳಿಯೆಂದವನಲ್ಲಿ ಎರಡು ಜ್ಞಾನಗಳಿವೆ. ಎದುರಿಗಿರುವ ‘ಇದು’ ಪ್ರತ್ಯಕ್ಷ, ‘ಬೆಳ್ಳಿ’ಯು ಸ್ಮೃತಿ. ಎರಡೂ ತಮ್ಮಷ್ಟಕ್ಕೆ ತಪ್ಪಲ್ಲ. ಸ್ಮೃತಿಯು ‘ಅದು’ ಎಂಬ ತನ್ನ ಗುರುತನ್ನು ಕಳೆದುಕೊಂಡುದರಿಂದ ಎರಡರ ಭೇದವು ತೋರದೆ ಹೋಯಿತು, ಅಷ್ಟೆ. ಗುರುತಿನ ಈ ಕಳವಿಗೆ ಅವರು ಸ್ಮೃತಿಪ್ರಮೋಷವೆಂದು ಹೆಸರಿಟ್ಟರು. ಪ್ರಾಭಾಕರರಲ್ಲಿ ಸ್ಮೃತಿಯು ಗುರುತುತಪ್ಪಿ ಪ್ರತ್ಯಕ್ಷದಂತೆ ತೋರುತ್ತದೆ. ಜಾನ್ಸನ್ನರಲ್ಲಿ ಕಲ್ಪನೆಯು ಗುರುತುತಪ್ಪಿ ಸ್ಮೃತಿಯಂತೆ ತೋರುತ್ತದೆ. ದಿಕ್ಕು ಬೇರೆ, ಯಂತ್ರವು ಒಂದೇ. ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ಇದರಿಂದ ಸಾಧಿಸಹೋಗುವುದು ಹಾಸ್ಯಾಸ್ಪದ. ಪ್ರಾಭಾಕರರು ಯಾರಿಗೂ ಪದಗಳ ಪಟ್ಟಿಯನ್ನು ಓದಿಹೇಳಲಿಲ್ಲ. ಸ್ಮೃತಿಯನ್ನು ಪ್ರಮಾಣವೆಂದು ಒಪ್ಪುವ ದ್ವೈತಿಗಳಿಗೆ, ವಿಶೇಷವಾಗಿ ಮಳಖೇಡದ ಜಯತೀರ್ಥರ ಮಾರ್ಗದಲ್ಲಿ ಓದಿದವರಿಗೆ, ಈ ಪ್ರಯೋಗಗಳು ಹೆಚ್ಚು ತೊಡಕನ್ನು ಉಂಟುಮಾಡುವುವೆನ್ನಬಹುದು. ಆದರೆ ಅವರೂ ಸ್ಮೃತಿಯನ್ನು ಮನಸ್ಸೆಂಬ ಇಂದ್ರಿಯದ ಕಾರ್ಯವೆನ್ನುವರೇ ಹೊರತು ಆ ಇಂದ್ರಿಯಕ್ಕೆ ದೋಷವೇ ಇಲ್ಲವೆನ್ನುವುದಿಲ್ಲ.

ನೆನಪು ಸ್ಪಷ್ಟವಾಗಿದ್ದರೆ ಸತ್ಯವಾಗಿರಬೇಕೆಂಬ ಲೋಕದ ನಂಬಿಕೆಯೂ ನಿಲ್ಲುವಂತಿಲ್ಲ. ೧೯೮೬ರ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ಎಂಬ ಆಕಾಶನೌಕೆಯು ನುಚ್ಚುನೂರಾಯಿತು. ಮರುದಿನ ಬೆಳಗ್ಗೆಯೇ ನೈಸರ್ ಎಂಬ ಪಂಡಿತರು ತಮ್ಮ ವಿದ್ಯಾರ್ಥಿಗಳಿಂದ, ಆ ಸುದ್ದಿಯನ್ನು ಎಲ್ಲಿ ಹೇಗೆ ಕೇಳಿದಿರೆಂಬುದನ್ನು ಬರೆಯಿಸಿಟ್ಟುಕೊಂಡರು. ಎರಡೂವರೆ ವರ್ಷಗಳ ತರುವಾಯ ಅವರಲ್ಲಿ ೪೪ ಮಂದಿಯನ್ನು ಮತ್ತೆ ಕೇಳಿದಾಗ ೧೧ ಮಂದಿಯ ಉತ್ತರವು ಮೊದಲಿನಿಂದ ಕೊನೆಯವರೆಗೆ ತಪ್ಪಾಗಿತ್ತು; ಧೈರ್ಯಕ್ಕೆ ಮಾತ್ರ ಕೊರತೆಯಿರಲಿಲ್ಲ. ಅವರವರ ಕೈಬರಹವನ್ನೇ ಮುಂದಿಟ್ಟರೂ ಹಳೆಯ ನೆನಪು ಮರಳಲಿಲ್ಲ, ಹೊಸದು ಅಳಿಯಲೂ ಇಲ್ಲ. ವಿಲ್ಕೋಮಿರ್ಸ್ಕಿಯ ಹಟವನ್ನು ಕಂಡು ಬೆರಗಾಗುವವರು ಈ ವಿದ್ಯಾರ್ಥಿಗಳನ್ನು ನೆನೆಯಬೇಕು.

ಲಾಫ್ಟಸರ ಮತಕ್ಕೆ ಎದುರಾಳಿಗಳೂ ಇದ್ದಾರೆ. ಅಂಗಡಿಯಲ್ಲಿ ದಾರಿತಪ್ಪುವುದು ಬಹುಮಂದಿ ಮಕ್ಕಳಿಗೆ ಆಗುವಂಥದು. ಅದನ್ನು ನಂಬಿಸಿದ ಮಾತ್ರಕ್ಕೆ ಘೋರವಾದ ಹಿಂಸೆಯ ನೆನಪನ್ನೂ ಹುಟ್ಟಿಸಬಹುದೆಂದು ಸಿದ್ಧವಾಗುವುದೆ? ‘ಇದ್ದರೂ ಇರಬಹುದು’ ಎಂದವನನ್ನು ‘ನೆನಪಿದೆ’ ಎಂದವರ ಲೆಕ್ಕಕ್ಕೆ ಸೇರಿಸುವುದು ಸರಿಯೆ? ಈ ಆಕ್ಷೇಪಗಳಲ್ಲಿ ಹುರುಳಿದೆ. ಅಮೆರಿಕದ ನ್ಯಾಯಾಲಯಗಳಲ್ಲಿ ಬಾಲ್ಯದ ಅತ್ಯಾಚಾರಗಳ ನೆನಪನ್ನು ಕುರಿತು ವಾದಗಳು ನಡೆದಾಗ ಲಾಫ್ಟಸರ ಸಾಕ್ಷ್ಯವು ಬಹುಮಟ್ಟಿಗೆ ಆರೋಪಿಗಳ ಪಕ್ಷದಲ್ಲಿಯೇ ನಿಂತಿತೆಂಬುದೂ ನಿಜ. ಕೆಲವು ನೆನಪುಗಳು ಸುಳ್ಳಾಗಬಹುದೆಂದು ತೋರಿಸುವುದು ಬೇರೆ, ಎದುರಿಗೆ ನಿಂತ ಈ ನೆನಪು ಸುಳ್ಳೆನ್ನುವುದು ಬೇರೆ. ಎರಡನೆಯದಕ್ಕೆ ಮನಶ್ಶಾಸ್ತ್ರವು ಸಾಲದು. ಜನನಪತ್ರ, ಶಾಲೆಯ ದಾಖಲೆ, ನೆರೆಯವರ ಮಾತು, ಇವೇ ಬೇಕು. ಮೇಖ್ಲರರ ಹಿರಿಮೆಯು ಇಲ್ಲಿದೆ. ಅವರು ಗ್ರಂಥಕರ್ತನ ಮನಸ್ಸನ್ನು ಊಹಿಸುವುದಕ್ಕೆ ಮೊದಲು ಕಡತಗಳನ್ನು ಓದಿದರು.

ಆ ಕಡತಗಳಿಂದ ಹೊರಬಿದ್ದ ಸಂಗತಿಯು ಗ್ರಂಥಕ್ಕಿಂತ ಹೆಚ್ಚು ಮನಕರಗಿಸುವಂಥದು. ಬ್ರೂನೋ ಎಂಬ ಶಿಶುವನ್ನು ತಾಯಿಯಿಂದ ಅಗಲಿಸಿ ಒಂದರಮೇಲೊಂದು ಮನೆಗೆ ಸಾಗಿಸಲಾಗಿತ್ತು. ನೀಡೌ ಎಂಬಲ್ಲಿ ಅವನನ್ನು ಇಟ್ಟುಕೊಂಡಿದ್ದ ಗೃಹಿಣಿಯ ಮನಸ್ಸು ಸ್ವಸ್ಥವಾಗಿರಲಿಲ್ಲ. ಆ ಮನೆಯ ಮಗನನ್ನು ಮೇಖ್ಲರರು ಹುಡುಕಿ ವಿಚಾರಿಸಿದಾಗ, ‘ಪೋಲೆಂಡಿನ ಹೊಲಮನೆ’ಯ ಹಲವು ವಿವರಗಳು ಆ ಮನೆಯವೇ ಎಂದು ತಿಳಿದುಬಂದಿತು. ಭಯವು ನಿಜ, ಊರು ಸುಳ್ಳು. ಹೆಸರಿಲ್ಲದ ಆ ಭಯಕ್ಕೆ ಹೆಸರು ದೊರೆತುದು ಮುಂದೆ, ಓದಿನಿಂದ. ಯಾತನಾಶಿಬಿರಗಳನ್ನು ಕುರಿತ ದೊಡ್ಡ ಗ್ರಂಥಸಂಗ್ರಹವನ್ನೇ ಅವನು ಮಾಡಿಕೊಂಡಿದ್ದನು. ಆ ಸ್ಥಳಗಳಿಗೆ ಹೋಗಿ ಬಂದನು. ಮನಶ್ಶಾಸ್ತ್ರವನ್ನು ಬಲ್ಲ ಸ್ನೇಹಿತನೊಬ್ಬನು ಪ್ರತಿ ಚೂರನ್ನೂ ಸಹಾನುಭೂತಿಯಿಂದ ಕೇಳಿದನು. ಪ್ರಯೋಗಶಾಲೆಯಲ್ಲಿ ಕೆಲವು ದಿನಗಳಲ್ಲಿ ಮಾಡಿ ತೋರಿಸುವುದನ್ನು ಇಲ್ಲಿ ಹಲವು ವರ್ಷಗಳ ಓದು, ಪ್ರವಾಸ, ಸಂಭಾಷಣೆಗಳು ಮಾಡಿದವು. ತನ್ನ ದುಃಖಕ್ಕೆ ಲೋಕದಲ್ಲಿ ಗೌರವವಿಲ್ಲವೆಂದು ತಿಳಿದವನು, ಲೋಕವು ತಲೆಬಾಗುವ ದುಃಖವೊಂದನ್ನು ಎರವಲು ಪಡೆದನೆಂದು ತೋರುತ್ತದೆ.

ಇನ್ನು ಗ್ರಂಥದ ಬೆಲೆ. ಕೆಲವರು, ಇದನ್ನು ಕಾದಂಬರಿಯೆಂದು ಓದಿದರೆ ಸರಿಹೋಯಿತು, ಕಾವ್ಯಕ್ಕೆ ಯಥಾರ್ಥತೆಯೇಕೆ ಎಂದರು. ಈ ಮಾತು ಕೇಳಲು ರಸಸಿದ್ಧಾಂತದಂತಿದೆ, ಆದರೆ ಅಲ್ಲ. ಕಾವ್ಯದ ಶೋಕವು ಯಾರೊಬ್ಬನ ಸ್ವಂತದ ಶೋಕವೂ ಅಲ್ಲದುದರಿಂದಲೇ ಸಹೃದಯನಲ್ಲಿ ಕರುಣರಸವಾಗುತ್ತದೆ. ‘ಚೂರುಗಳು’ ಅದಕ್ಕೆ ವಿರುದ್ಧವಾದುದನ್ನು ಬೇಡಿತು: ಇದು ನನ್ನ ಶೋಕ, ಇದಕ್ಕೆ ನೀನು ಸಾಕ್ಷಿಯಾಗು ಎಂದಿತು. ವಾಚಕನು ಕೊಟ್ಟುದು ರಸಾಸ್ವಾದವನ್ನಲ್ಲ, ನಂಬಿಕೆಯನ್ನು. ನಂಬಿಕೆಯನ್ನು ತೆಗೆದರೆ ಉಳಿಯುವ ಬರವಣಿಗೆಯು ಸೊರಗಿದುದೆಂದು ಎರಡನೆಯ ಓದಿಗೆ ತಿಳಿಯುತ್ತದೆ. ಪುಟಪುಟಕ್ಕೂ ಬೀಭತ್ಸವೇ: ಇಲಿಗಳು, ಒಡೆದ ತಲೆಗಳು, ಹಸಿವಿನಿಂದ ತಮ್ಮ ಬೆರಳುಗಳನ್ನೇ ಕಡಿದುಕೊಂಡ ಹಸುಗೂಸುಗಳು. ಇದರ ಪಕ್ಕದಲ್ಲಿ ಆಷ್‌ವಿಟ್ಸಿನಿಂದ ಬದುಕಿ ಬಂದ ಇಟಲಿಯ ಪ್ರೀಮೋ ಲೇವಿಯು ೧೯೪೭ರಲ್ಲಿ ಪ್ರಕಟಿಸಿದ ಗ್ರಂಥವನ್ನು ಇಟ್ಟು ನೋಡಬೇಕು. ಅಲ್ಲಿ ಕಾಲಿಗೆ ಹೊಂದದ ಪಾದರಕ್ಷೆ, ಚಮಚವಿಲ್ಲದವನು ಗಂಜಿ ಕುಡಿಯುವ ಕಷ್ಟ, ರೊಟ್ಟಿಯ ತುಂಡುಗಳ ವ್ಯಾಪಾರ, ಬೇಸರ, ಚಳಿ, ಕಾಯುವಿಕೆ. ಕಂಡವನು ಸಣ್ಣದನ್ನು ಮರೆಯುವುದಿಲ್ಲ. ಓದಿ ನೆನೆದವನಿಗೆ ದೊಡ್ಡದು ಮಾತ್ರ ಸಿಕ್ಕುತ್ತದೆ. ಲೇವಿಯೇ ೧೯೮೬ರ ತನ್ನ ಕಡೆಯ ಗ್ರಂಥದಲ್ಲಿ, ಪದೇಪದೇ ಹೇಳಿದ ನೆನಪು ಹೇಳಿಕೆಯ ಅಚ್ಚಿನಲ್ಲಿ ಬಿದ್ದು ಮೂಲಕ್ಕೆ ಬದಲಾಗಿ ನಿಲ್ಲುತ್ತದೆಂದು ವಾಚಕರನ್ನು ಎಚ್ಚರಿಸಿದ್ದಾನೆ. ತನ್ನ ಸಾಕ್ಷ್ಯದ ಮೇಲೆ ತಾನೇ ಸಂಶಯಪಟ್ಟ ಸಾಕ್ಷಿಯು ಅವನು.

ಆದರೂ ‘ಚೂರುಗಳ’ಲ್ಲಿ ಒಂದು ಪ್ರಸಂಗವು ನಿಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಶಾಲೆಯಲ್ಲಿ ಉಪಾಧ್ಯಾಯಿನಿಯು ವಿಲ್ಹೆಲ್ಮ್ ಟೆಲ್ಲನ ಚಿತ್ರವನ್ನು ತೋರಿಸುತ್ತಾಳೆ; ಮಗನ ತಲೆಯ ಮೇಲಿನ ಸೇಬಿಗೆ ಗುರಿಯಿಟ್ಟ ದೇಶದ ವೀರ. ಹುಡುಗನಿಗೆ ಕಾಣುವುದು ಮಗುವನ್ನು ಕೊಲ್ಲಹೊರಟ ಸಿಪಾಯಿ. ತರಗತಿಯೆಲ್ಲವೂ ನಗುತ್ತದೆ. ಈ ಪ್ರಸಂಗವು ನಡೆದುದೊ ಇಲ್ಲವೊ, ಎಲ್ಲರೂ ಕಾಣುವುದನ್ನು ಕಾಣಲಾರದ ಮಗುವಿನ ಏಕಾಕಿತನವು ಅದರಲ್ಲಿದೆ. ಅದನ್ನು ಬ್ರೂನೋ ಗ್ರೋಜಾನನು ಯಾರಿಂದಲೂ ಎರವಲು ಪಡೆಯಬೇಕಾಗಿರಲಿಲ್ಲ.

ವಿಮರ್ಶಕರ ತಪ್ಪು ಅವರು ಮೋಸಹೋದುದರಲ್ಲಿಲ್ಲ. ಪ್ರಕಟಣೆಗೆ ಮೊದಲೇ ಪ್ರಕಾಶಕರಿಗೆ ಎಚ್ಚರಿಕೆಯ ಪತ್ರವು ಬಂದಿತ್ತು. ಈ ವಿಷಯದ ಇತಿಹಾಸದಲ್ಲಿ ಅಗ್ರಗಣ್ಯರಾದ ಹಿಲ್‌ಬರ್ಗರೂ ಸಂಶಯಪಟ್ಟಿದ್ದರು. ಆದರೆ ಅಂಥ ಸಂಕಟದ ಎದುರಿನಲ್ಲಿ ಬರವಣಿಗೆಯ ಗುಣದೋಷಗಳನ್ನು ಎಣಿಸುವುದು ಅನುಚಿತವೆಂದು ಬಹುಮಂದಿ ವಿಮರ್ಶಕರು ತಮ್ಮ ಕೆಲಸವನ್ನೇ ಬಿಟ್ಟುಕೊಟ್ಟರು. ಅದರ ಫಲವನ್ನು ಅನುಭವಿಸಿದವರು ಬೇರೆಯವರು. ಆ ಹತ್ಯಾಕಾಂಡವೇ ನಡೆಯಲಿಲ್ಲವೆಂದು ಸಾಧಿಸಹೊರಟವರಿಗೆ ಇದೊಂದು ಆಯುಧವಾಯಿತು. ನಿಜವಾಗಿ ಶಿಬಿರಗಳಿಂದ ಬಂದ ಮುದುಕರು ತಮ್ಮ ಮಾತಿಗೆ ಪುರಾವೆ ಕೇಳಿಸಿಕೊಳ್ಳಬೇಕಾಯಿತು.

೨೦೦೨ರಲ್ಲಿ ಜ್ಯೂರಿಕ್ಕಿನ ಸರ್ಕಾರೀ ಅಭಿಯೋಜಕರು ವಂಚನೆಯ ಮೊಕದ್ದಮೆಯನ್ನು ಮುಂದುವರಿಸಲು ಆಧಾರವಿಲ್ಲವೆಂದು ಕೈಬಿಟ್ಟರು. ವಂಶವಾಹಿಯ ಪರೀಕ್ಷೆಯಿಂದ ವಿಲ್ಕೋಮಿರ್ಸ್ಕಿಯೂ ಗ್ರೋಜಾನನೂ ಒಬ್ಬನೇ ಎಂದು ದೃಢಪಟ್ಟಿತೆಂದೂ ತಿಳಿಸಿದರು. ಅದಕ್ಕೆ ಮುಂಚೆಯೇ, ೨೦೦೧ರಲ್ಲಿ, ಮೇಖ್ಲರರ ವರದಿಯು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ‘ಚೂರುಗಳ’ ಪೂರ್ಣಪಾಠವನ್ನೂ ಅದರೊಡನೆಯೇ ಸೇರಿಸಿ ಕಟ್ಟಿದ್ದಾರೆ. ಎರಡನ್ನೂ ಓದಬೇಕೆನ್ನುವವರಿಗೆ ಒಂದೇ ಸಂಪುಟ ಸಾಕು.